ಹಳೆ ಪ್ರೊಜೆಕ್ಟರ್‌ಗೆ ಸರಿಯಾದ ಬಣ್ಣ ತಂದ ಬಗೆ

ಪಾದರಸದ ಲ್ಯಾಂಪ್ ಇರುವ ಪ್ರೊಜೆಕ್ಟರ್‌ಗೆ ಹುಟ್ಟಿನಿಂದಲೇ ಒಂದು ಕೊರತೆ ಇರುತ್ತದೆ. ಅದರ ಬೆಳಕಲ್ಲಿ ಹಸಿರು ಜಾಸ್ತಿ, ಕೆಂಪು ಕಡಿಮೆ. ಹೊಸದಾಗಿದ್ದಾಗ ಕಂಪನಿಯವರು ಇಟ್ಟ ಸೆಟ್ಟಿಂಗ್ ಈ ಕೊರತೆಯನ್ನು ಅಷ್ಟೋ ಇಷ್ಟೋ ಮುಚ್ಚಿರುತ್ತದೆ. ಲ್ಯಾಂಪ್ ಸವೆದಂತೆ, ಒಳಗೆ ಧೂಳು ಕೂತಂತೆ, ಅದು ಮತ್ತೆ ಮೇಲೆ ಬರುತ್ತದೆ.

ಬಸವನಗುಡಿಯ ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ನಮ್ಮದು 3ಎಲ್‌ಸಿಡಿ ಪ್ರೊಜೆಕ್ಟರ್, ಅಂದರೆ ಕೆಂಪು, ಹಸಿರು, ನೀಲಿಗೆ ಒಂದೊಂದು ಎಲ್‌ಸಿಡಿ ಫಲಕ ಇರುವಂಥದ್ದು, ಫುಲ್ ಎಚ್‌ಡಿ. 10 ವರ್ಷ ದಾಟಿದೆ. ಲೆನ್ಸ್ ಇವತ್ತಿಗೂ ಚೂಪಾಗಿದೆ, ಫ್ಯಾನ್ ಸದ್ದು ಮಾಡುವುದಿಲ್ಲ. ಆದರೆ ಪರದೆಯ ಮೇಲೆ ಮುಖಗಳೆಲ್ಲ ಹಸಿರು ಬೆರೆತ ಹಳದಿ. ಹಣೆಯ ಕುಂಕುಮ ಇಟ್ಟಿಗೆಯ ಬಣ್ಣ. ಮಲೆನಾಡಲ್ಲಿ ತೆಗೆದ ದೃಶ್ಯ ಬಂದರೆ ಅಡಿಕೆ ತೋಟ, ಗದ್ದೆ, ಕಾಡು ಎಲ್ಲಕ್ಕೂ ಒಂದೇ ಹಸಿರು. "ಹೊಸದು ತಗೋ" ಅಂತ ಎಲ್ಲರೂ ಹೇಳಿದರು. ನನಗೆ ಆ ಲೆನ್ಸ್ ಬಿಡಲು ಮನಸ್ಸಿರಲಿಲ್ಲ. ಒಳ್ಳೆಯ ಗಾಜು ಇರುವ ಯಂತ್ರವನ್ನು ಬಣ್ಣದ ಕಾರಣಕ್ಕೆ ಮೂಲೆಗೆ ಹಾಕುವುದು ಸರಿಯಲ್ಲ ಅಂತ ಈಗಲೂ ನಂಬಿದ್ದೇನೆ.

ಮೆನುವಿನಲ್ಲಿ ಕಲರ್ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹೋಗುವುದಿಲ್ಲ. ಇಲ್ಲದ ಕೆಂಪನ್ನು ಮೆನು ಎಲ್ಲಿಂದ ತರಬೇಕು? ಇದು ಅರ್ಥವಾಗಬೇಕಾದರೆ ಲ್ಯಾಂಪ್ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡಬೇಕು.

1990ರ ದಶಕದಲ್ಲಿ ಫಿಲಿಪ್ಸ್ ತಂದ ಯುಎಚ್‌ಪಿ ಲ್ಯಾಂಪೇ ಇಂಥ ಪ್ರೊಜೆಕ್ಟರ್‌ಗಳ ಜೀವ. ಉರಿಯುವಾಗ ಆ ಚಿಕ್ಕ ಗಾಜಿನ ಗೋಲಿಯೊಳಗೆ ಪಾದರಸದ ಆವಿ ಸುಮಾರು 200 ವಾತಾವರಣದಷ್ಟು ಒತ್ತಡದಲ್ಲಿರುತ್ತದೆ. ಪಾದರಸ ಬೆಳಕು ಚೆಲ್ಲುವುದು ಮುಖ್ಯವಾಗಿ ಕೆಲವೇ ಜಾಗಗಳಲ್ಲಿ: 436 ನ್ಯಾನೋಮೀಟರ್ ಹತ್ತಿರ ನೀಲಿ, 546ರಲ್ಲಿ ಹಸಿರು, 578ರ ಆಸುಪಾಸಿನಲ್ಲಿ ಹಳದಿ. ಒತ್ತಡ ಅಷ್ಟೊಂದು ಇರುವುದರಿಂದ ಈ ಗೆರೆಗಳ ನಡುವೆಯೂ ಒಂದಿಷ್ಟು ಬೆಳಕು ತುಂಬಿಕೊಳ್ಳುತ್ತದೆ. ಹಾಗಾಗಿಯೇ ನಮಗೆ ಕೆಂಪು ಅಂತ ಏನಾದರೂ ಸಿಗುವುದು. ಆದರೂ 600 ದಾಟಿದ ಮೇಲೆ ಅದು ತೆಳು. 578ರ ಆ ಹಳದಿ ಕೆಂಪಿನೊಳಗೆ ನುಸುಳಿದರೆ ಕೆಂಪು ಕಿತ್ತಳೆಗೆ ತಿರುಗುತ್ತದೆ. ಹಸಿರಿನೊಳಗೆ ನುಸುಳಿದರೆ ಹಸಿರು ಹಳದಿ ಹೊಡೆಯುತ್ತದೆ. ನಮ್ಮ ಕುಂಕುಮ ಇಟ್ಟಿಗೆಯಾಗಿದ್ದು, ಗದ್ದೆಯೂ ಕಾಡೂ ಒಂದೇ ಆಗಿದ್ದು ಇದರಿಂದ.

ಮೂವರು ಜೊತೆಯಾಗಿ ನಡೆಯಬೇಕಾದರೆ ಮೆಲ್ಲಗೆ ನಡೆಯುವವರ ಹೆಜ್ಜೆಗೆ ಉಳಿದಿಬ್ಬರು ಹೊಂದಿಕೊಳ್ಳಬೇಕು ಅಲ್ವಾ? ಇಲ್ಲಿಯೂ ಹಾಗೇ. ಕೆಂಪು ಎಷ್ಟಿದೆಯೋ ಅಷ್ಟಕ್ಕೆ ಹಸಿರು, ನೀಲಿಯನ್ನು ಇಳಿಸಬೇಕು. ಬೇರೆ ದಾರಿ ಇಲ್ಲ. ಎಚ್‌ಡಿ ವಿಡಿಯೋದ ಮಾನದಂಡ ರೆಕ್ 709. ಅದರ ಲೆಕ್ಕದಲ್ಲಿ ಬಿಳಿಯ ಹೊಳಪಿನಲ್ಲಿ ಹಸಿರಿನ ಪಾಲು ಶೇ. 72, ಕೆಂಪಿನದು ಶೇ. 21, ನೀಲಿಯದು ಬರೀ ಶೇ. 7. ಅಂದರೆ ಹಸಿರನ್ನು ಇಳಿಸಿದ ಕೂಡಲೇ ಚಿತ್ರವೇ ಮಂಕಾಗುತ್ತದೆ. ಸರಿಯಾದ ಬಣ್ಣಕ್ಕೆ ಬೆಳಕಿನಲ್ಲಿ ಬೆಲೆ ಕಟ್ಟಬೇಕು. ಮುಂದೆ ನಾನು ಮಾಡಿದ್ದೆಲ್ಲ ಈ ಬೆಲೆಯನ್ನು ಆದಷ್ಟು ಕಡಿಮೆ ಮಾಡುವ, ಕೊಟ್ಟಿದ್ದನ್ನು ಬೇರೆ ಕಡೆಯಿಂದ ವಾಪಸ್ ಪಡೆಯುವ ಕೆಲಸ.

ಮೊದಲು ಯಂತ್ರದ ಆರೋಗ್ಯ ನೋಡಬೇಕಿತ್ತು. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರೋಡಿಗೆ ನಡೆದೆ. ಪ್ರೊಜೆಕ್ಟರ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಸಿಕ್ಕಿತು. ಅಲ್ಲಿದ್ದವರು ಗಾಳಿಯ ಫಿಲ್ಟರ್ ಎಳೆದು ತೋರಿಸಿದರು. ಬೂದು ಬಣ್ಣದ ಕಂಬಳಿಯ ತುಂಡು ಅನ್ನಬೇಕು, ಅಷ್ಟು ಧೂಳು.

"ನೋಡಿ ಸಾರ್, ಉಸಿರೇ ಆಡ್ತಿಲ್ಲ ಇದು. ಬಿಸಿ ಹೊರಗೆ ಹೋಗ್ದೆ ಇದ್ರೆ ಮೊದ್ಲು ಸಾಯೋದು ನೀಲಿ ಕಡೆ ಪೋಲರೈಸರ್."

"ಅದೂ ಹೋಗಿದ್ಯಾ ಅಣ್ಣ?" ಅಂತ ಕೇಳಿದೆ.

"ಬಿಳಿ ಹಾಕಿ ನೋಡೋಣ."

ಪೋಲರೈಸರ್ ಅಂದರೆ ಫಲಕದ ಪಕ್ಕದಲ್ಲಿದ್ದು ಬೆಳಕನ್ನು ಸೋಸುವ ತೆಳು ಹಾಳೆ. ಪೂರ್ತಿ ಬಿಳಿಯ ಚಿತ್ರ, ಆಮೇಲೆ ಪೂರ್ತಿ ನೀಲಿಯ ಚಿತ್ರ ಹಾಕಿದರು. ನೀಲಿ ಪೋಲರೈಸರ್ ಸುಟ್ಟಿದ್ದರೆ ಬಿಳಿಯ ಮೇಲೆ ಹಳದಿ ಕಲೆ ಕಾಣುತ್ತದೆ, ಅದೇ ಜಾಗ ನೀಲಿಯಲ್ಲಿ ಕಪ್ಪಾಗುತ್ತದೆ. ನಮ್ಮದರಲ್ಲಿ ಅಂಥ ಕಲೆ ಇರಲಿಲ್ಲ. ಸಮಾಧಾನವಾಯಿತು. ಈ ಪರೀಕ್ಷೆ ಮನೆಯಲ್ಲೇ ಮಾಡಬಹುದು, ಯಾವುದೇ ಉಪಕರಣ ಬೇಡ. ಕಲೆ ಕಂಡರೆ ಮೆನು ಮುಟ್ಟುವುದೇ ದಂಡ, ಮೊದಲು ಆ ಭಾಗ ಬದಲಾಗಬೇಕು. ಡಿಎಲ್‌ಪಿ, ಅಂದರೆ ಎಲ್‌ಸಿಡಿ ಬದಲು ಸಣ್ಣ ಸಣ್ಣ ಕನ್ನಡಿಗಳ ಚಿಪ್ ಇರುವ ಪ್ರೊಜೆಕ್ಟರ್ ಇದ್ದವರಿಗೆ ಈ ಚಿಂತೆ ಇಲ್ಲ. ಅವರು ನೋಡಬೇಕಾದ್ದು ಬಣ್ಣದ ಚಕ್ರ. ಆಫೀಸಿನ ಬಳಕೆಗೆ ಮಾಡಿದ ಡಿಎಲ್‌ಪಿಗಳಲ್ಲಿ ಚಕ್ರದೊಳಗೆ ಒಂದು ಪಾರದರ್ಶಕ ತುಂಡು ಇರುತ್ತದೆ. ಅದು ಬಿಳಿಯನ್ನು ಮಾತ್ರ ಹೊಳೆಯಿಸುತ್ತದೆ, ಬಣ್ಣಗಳನ್ನು ಹೊಳೆಯಿಸುವುದಿಲ್ಲ. ಹಾಗಾಗಿ ಬಿಳಿಯ ಪಕ್ಕದಲ್ಲಿ ಕೆಂಪು, ಹಳದಿ ಕೊಳೆಯಾದಂತೆ ಕಾಣುತ್ತವೆ. ಮೆನುವಿನಲ್ಲಿ ಬ್ರಿಲಿಯಂಟ್ ಕಲರ್ ಅಥವಾ ವೈಟ್ ಪೀಕಿಂಗ್ ಅಂತ ಇರುವುದನ್ನು ಪೂರ್ತಿ ಇಳಿಸುವುದೇ ಅದಕ್ಕೆ ಮೊದಲ ಔಷಧಿ.

ಅಂಗಡಿಯಲ್ಲಿ ಒಳಗಿನ ಪ್ರಿಸಂ, ಕನ್ನಡಿಗಳನ್ನು ಒರೆಸಿ ಕೊಟ್ಟರು. ಲ್ಯಾಂಪ್ ಬದಲಿಸಬೇಕೇ ಅಂತ ಕೇಳಿದ್ದಕ್ಕೆ, "ಇನ್ನೂ ಓಡತ್ತೆ ಸಾರ್, ಸುಮ್ನೆ ದುಡ್ಡು ಹಾಕ್ಬೇಡಿ" ಅಂದರು. ಬೇಕಾದಾಗ ಬರೀ ಬಲ್ಬ್ ಹಾಕಿಸಬೇಡಿ, ಗೂಡು ಸಮೇತ ಒಳ್ಳೆಯ ಕಂಪನಿಯದೇ ಹಾಕಿಸಿ ಅಂತಲೂ ಹೇಳಿದರು. ಅಗ್ಗದ ನಕಲು ಲ್ಯಾಂಪ್‌ಗಳ ಬೆಳಕಿನ ಬಣ್ಣ ಒಂದಕ್ಕೊಂದು ಹೊಂದುವುದಿಲ್ಲ. ಅದು ಬಣ್ಣದ ಕೆಲಸವನ್ನೇ ಹಾಳು ಮಾಡುತ್ತದೆ. ಇನ್ನೊಂದು ವಿಷಯ: ಲ್ಯಾಂಪ್ ಮೇಲೆ ಬರೆದಿರುವ ಗಂಟೆಗಳ ಲೆಕ್ಕ ಅದು ಆರುವವರೆಗಿನದಲ್ಲ. ಹೊಳಪು ಅರ್ಧಕ್ಕೆ ಇಳಿಯುವವರೆಗಿನದು.

ಮನೆಗೆ ಬಂದ ಮೇಲೆ ಕೋಣೆಯ ಕೆಲಸ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅರ್ಧ ಬಣ್ಣ ಇರುವುದೇ ಇಲ್ಲಿ. ನಮ್ಮದು ಹಳೆ ಮನೆ, ರೆಡ್ ಆಕ್ಸೈಡ್ ನೆಲ. ಅಮ್ಮ ಅದನ್ನು ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದಾರೆ. ಪರದೆಯಿಂದ ಚೆಲ್ಲಿದ ಬೆಳಕು ಆ ಕೆಂಪು ನೆಲಕ್ಕೆ ಬಡಿದು ಮತ್ತೆ ಪರದೆಯ ಕೆಳಭಾಗಕ್ಕೆ ಹೋಗುತ್ತಿತ್ತು. ಗೋಡೆಗಳು ಕ್ರೀಮ್ ಬಣ್ಣ. ಅವು ಹಳದಿ ಸೇರಿಸುತ್ತಿದ್ದವು. ಇನ್ನು ನಮ್ಮ ಪರದೆ ಅಂದರೆ ಅದೂ ಗೋಡೆಯೇ, ಅದೇ ಕ್ರೀಮ್.

ಪರದೆಯ ಜಾಗಕ್ಕೆ ಹೊಳಪಿಲ್ಲದ ಮ್ಯಾಟ್ ಬಿಳಿ ಹೊಡೆಸಿದೆ. ಪೇಂಟ್ ಅಂಗಡಿಯಲ್ಲಿ ನೀಲಿ ಹೊಡೆಯುವ 'ಸೂಪರ್' ಬಿಳಿಯನ್ನು ಮುಂದೆ ಮಾಡುತ್ತಾರೆ. ಅದು ಬೇಡ, ಏನೂ ಬಣ್ಣ ಬೆರೆಸದ ಸಾದಾ ಬಿಳಿ ಸಾಕು. ಚಿಕ್ಕಪೇಟೆಯಿಂದ ಕಪ್ಪು ಮಖಮಲ್ ಬಟ್ಟೆ ತಂದು ಪರದೆಯ ಸುತ್ತ ಅಂಚು ಕಟ್ಟಿದೆ. ಕಿಟಕಿಗೆ ದಪ್ಪ ಕಪ್ಪು ಪರದೆ. ನೆಲಕ್ಕೆ, ಸಿನಿಮಾ ನೋಡುವಾಗ ಮಾತ್ರ ಹಾಸುವ ಕಡು ಬೂದು ಜಮಖಾನೆ. ಅಮ್ಮನಿಗೆ ಅದು ಅಷ್ಟು ಇಷ್ಟವಾಗಲಿಲ್ಲ.

"ಇಷ್ಟು ಚೆನ್ನಾಗಿರೋ ನೆಲಾನ ಯಾಕೋ ಮುಚ್ತೀಯ?"

"ಎರಡು ಗಂಟೆ ಅಷ್ಟೇ ಅಮ್ಮ. ಆಮೇಲೆ ಸುತ್ತಿ ಇಡ್ತೀನಿ."

ಜಮಖಾನೆ ಹಾಸಿದಾಗ, ತೆಗೆದಾಗ ಕಪ್ಪು ದೃಶ್ಯಗಳನ್ನು ಹೋಲಿಸಿ ನೋಡಿದೆವು. ಅಮ್ಮನೇ ಒಪ್ಪಿದರು.

ಇಷ್ಟಾದ ಮೇಲೆ ಅಳತೆ. ಕಣ್ಣಿನ ಅಂದಾಜಿನಲ್ಲಿ ಈ ಕೆಲಸ ಮಾಡಲು ಆಗುವುದಿಲ್ಲ. ಕಣ್ಣು ತನ್ನೆದುರಿನ ಬೆಳಕಿಗೆ ಬೇಗ ಹೊಂದಿಕೊಂಡುಬಿಡುತ್ತದೆ. ಹಸಿರು ಬಿಳಿಯನ್ನೇ ಹತ್ತು ನಿಮಿಷ ನೋಡಿದರೆ ಅದೇ ಬಿಳಿ ಅನ್ನಿಸುತ್ತದೆ. ಗೊತ್ತಿರುವ ಹಳೆ ಕನ್ನಡ ಸಿನಿಮಾ ಹಾಕಿ ಸರಿಮಾಡುತ್ತೇನೆ ಅಂತ ಹೊರಡುವುದೂ ಬೇಡ. ಹಳೆ ಈಸ್ಟ್‌ಮನ್ ಕಲರ್ ಪ್ರಿಂಟ್‌ಗಳಲ್ಲಿ ಸಯಾನ್ ಬಣ್ಣ ಮಾಸಿ, ಇಡೀ ಚಿತ್ರ ಗುಲಾಬಿ ಕೆಂಪಿಗೆ ತಿರುಗಿರುತ್ತದೆ. ಅಂಥ ಪ್ರಿಂಟ್‌ನಿಂದ ಬಂದ ಪ್ರತಿಗೆ ತಕ್ಕಂತೆ ಪ್ರೊಜೆಕ್ಟರ್ ತಿರುಗಿಸಿದರೆ ಉಳಿದ ಎಲ್ಲ ಸಿನಿಮಾಗಳ ಮುಖ ಮತ್ತೆ ಹಸಿರಾಗುತ್ತದೆ.

ರಾಜಾಜಿನಗರದಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬ ಇದ್ದಾನೆ. ಆಲ್ಬಂ ಪ್ರಿಂಟ್ ಸರಿಯಾಗಿ ಬರಲಿ ಅಂತ ಮಾನಿಟರಿನ ಬಣ್ಣ ಅಳೆಯಲು ಐ1 ಡಿಸ್‌ಪ್ಲೇ ಪ್ರೋ ಅನ್ನುವ ಮೀಟರ್ ಇಟ್ಟುಕೊಂಡಿದ್ದಾನೆ. ಅಂಗೈಯಲ್ಲಿ ಹಿಡಿಯುವ ಸಣ್ಣ ಯಂತ್ರ. "ತಗೊಂಡ್ ಹೋಗು ಕಣೋ, ಆದ್ರೆ ಆಷಾಢ ಮುಗಿಯೋದ್ರೊಳಗೆ ವಾಪಸ್ ಕೊಡು" ಅಂದ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಅವನಿಗೂ ಪುರುಸೊತ್ತು. ಒಂದು ಸಂಜೆ ಅವನೇ ಬಂದು ಕೂತ.

ಸಾಫ್ಟ್‌ವೇರ್‌ಗೆ ದುಡ್ಡು ಬೇಡ. ಎಚ್‌ಸಿಎಫ್‌ಆರ್ ಅನ್ನುವ ಉಚಿತ ತಂತ್ರಾಂಶ ಇದೆ, ಫ್ರಾನ್ಸಿನ ಹೋಮ್ ಥಿಯೇಟರ್ ಹವ್ಯಾಸಿಗಳು ಶುರು ಮಾಡಿದ್ದು. ಪರೀಕ್ಷೆಯ ಚಿತ್ರಗಳಿಗೆ ಎವಿಎಸ್ ಎಚ್‌ಡಿ 709 ಅನ್ನುವ ಉಚಿತ ಡಿಸ್ಕ್ ಇದೆ. ಅಳೆಯುವ ಯಂತ್ರವನ್ನು ಟ್ರೈಪಾಡ್ ಮೇಲೆ ಪರದೆಗೆ ಮುಖ ಮಾಡಿ ನಿಲ್ಲಿಸಿದೆವು, ಲೆನ್ಸಿನ ಕಡೆಗಲ್ಲ. ಪರದೆಯಿಂದ ವಾಪಸ್ ಬರುವ ಬೆಳಕನ್ನು ಅಳೆದರೆ ಗೋಡೆಯ ಬಣ್ಣದ ದೋಷವೂ ಲೆಕ್ಕಕ್ಕೆ ಬರುತ್ತದೆ. ನಾವು ನೋಡುವುದೂ ಆ ಬೆಳಕನ್ನೇ. ಯಂತ್ರದ ನೆರಳು ಅಳೆಯುವ ಜಾಗಕ್ಕೆ ಬೀಳದಂತೆ ಸ್ವಲ್ಪ ಓರೆಯಾಗಿ ಇಡಬೇಕು. ಪ್ರೊಜೆಕ್ಟರನ್ನು ಅರ್ಧ ಗಂಟೆ ಉರಿಸಿ ಆಮೇಲೆ ಅಳತೆಗೆ ಕೂರಬೇಕು. ಲ್ಯಾಂಪ್ ಬಿಸಿಯಾಗುವವರೆಗೆ ಬಣ್ಣ ನಿಲ್ಲುವುದಿಲ್ಲ. ದಿನವೂ ಇಕೋ ಮೋಡ್‌ನಲ್ಲಿ ನೋಡುವವರು ಇಕೋದಲ್ಲೇ ಅಳೆಯಬೇಕು. ಲ್ಯಾಂಪಿನ ಶಕ್ತಿ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಮುಟ್ಟಬೇಕಾದ ಮೊದಲ ಗುರಿ ಡಿ65 ಅನ್ನುವ ಬಿಳಿ. ಸುಮಾರು 6500 ಕೆಲ್ವಿನ್ ಅಂತ ಹೇಳುತ್ತಾರೆ. ಆದರೆ ಬರೀ ಕೆಲ್ವಿನ್ ನೋಡಿದರೆ ಸಾಲದು. 6500 ಅಂತಲೇ ತೋರಿಸುವ ಹಸಿರು ಬಿಳಿಯೂ ಇರುತ್ತದೆ, ಗುಲಾಬಿ ಬಿಳಿಯೂ ಇರುತ್ತದೆ. ಬಣ್ಣದ ನಕ್ಷೆಯಲ್ಲಿ ಆ ಬಿಳಿಯ ಜಾಗ ಹೇಳುವ x 0.3127, y 0.3290 ಅನ್ನುವ ಎರಡು ಅಂಕಿಗಳೂ ಕೂಡಬೇಕು. ನಮ್ಮ ಮೊದಲ ಅಳತೆಯಲ್ಲಿ ಬಂದಿದ್ದು ಹೀಗೆ: 100 ಇರಬೇಕಾದ ಕಡೆ ಕೆಂಪು 78, ಹಸಿರು 106, ನೀಲಿ 108. ಇದು ಸಿನಿಮಾ ಮೋಡ್‌ನಲ್ಲಿ. ಡೈನಮಿಕ್ ಮೋಡ್‌ಗೆ ಹಾಕಿದಾಗ ಹಸಿರು ಇನ್ನೂ ಏರಿತು. ಅಂಗಡಿಗಳಲ್ಲಿ ಲೈಟ್ ಹಾಕಿ ತೋರಿಸುವುದಕ್ಕೆ ಮಾಡಿದ ಮೋಡ್ ಅದು, ಮನೆಗಲ್ಲ.

ಬಣ್ಣಕ್ಕೆ ಕೈಹಾಕುವ ಮುಂಚೆ ಕಪ್ಪು ಬಿಳುಪಿನ ಗಡಿ ಸರಿಯಿರಬೇಕು. ವಿಡಿಯೋದಲ್ಲಿ ಕಪ್ಪು 16, ಬಿಳಿ 235. ಕಂಪ್ಯೂಟರಿನಲ್ಲಿ 0ಯಿಂದ 255. ಒಂದು ಕಡೆ ಇದು, ಇನ್ನೊಂದು ಕಡೆ ಅದು ಇದ್ದರೆ ಕಪ್ಪು ಕೂದಲೆಲ್ಲ ಒಂದೇ ಮುದ್ದೆಯಾಗುತ್ತದೆ, ಇಲ್ಲವೇ ಕಪ್ಪು ಬೂದಿಯಾಗುತ್ತದೆ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಸೆಟ್ಟಿಂಗನ್ನೂ ಪ್ರೊಜೆಕ್ಟರಿನ ಸೆಟ್ಟಿಂಗನ್ನೂ ಒಂದೇ ಮಾಡಿದೆವು. ಆಮೇಲೆ ಬ್ರೈಟ್‌ನೆಸ್‌ನಿಂದ ಕಪ್ಪಿನ ಪಟ್ಟಿಗಳನ್ನು, ಕಾಂಟ್ರಾಸ್ಟ್‌ನಿಂದ ಬಿಳಿಯ ಪಟ್ಟಿಗಳನ್ನು ಸರಿ ಮಾಡಿದೆವು. ಇಷ್ಟಕ್ಕೇ ಚಿತ್ರ ಎಷ್ಟೋ ವಾಸಿಯಾಯಿತು.

ಇನ್ನು ನನಗೆ ಅತಿ ಇಷ್ಟವಾದ ಭಾಗಕ್ಕೆ ಬರುತ್ತೇನೆ.

ಹಸಿರು ಕಡಿಮೆ ಮಾಡಲು ಎರಡು ದಾರಿ. ಒಂದು ಮೆನುವಿನಲ್ಲಿ ಗ್ರೀನ್ ಗೇನ್, ಅಂದರೆ ಹಸಿರಿನ ಪ್ರಮಾಣ, ಇಳಿಸುವುದು. ಇನ್ನೊಂದು ಲೆನ್ಸಿನ ಮುಂದೆ ಬಣ್ಣದ ಗಾಜು ಇಡುವುದು. ಎರಡರಲ್ಲೂ ಬಿಳಿ ಮಂಕಾಗುತ್ತದೆ. ಹಾಗಾದರೆ ಗಾಜಿಗೆ ಯಾಕೆ ಕಷ್ಟಪಡಬೇಕು? ಉತ್ತರ ಕಪ್ಪಿನಲ್ಲಿದೆ. ಎಲ್‌ಸಿಡಿ ಫಲಕ ಪೂರ್ತಿ ಮುಚ್ಚಿದರೂ ಒಂದಿಷ್ಟು ಬೆಳಕು ಸೋರುತ್ತದೆ. ಹಸಿರು ಲ್ಯಾಂಪಿನಿಂದ ಸೋರುವುದೂ ಹಸಿರೇ. ಮೆನುವಿನಲ್ಲಿ ಗೇನ್ ಇಳಿಸಿದರೆ ಬಿಳಿಯಲ್ಲಿ ಹಸಿರು ಇಳಿಯುತ್ತದೆ, ಸೋರಿಕೆ ಮಾತ್ರ ಹಾಗೇ ಉಳಿಯುತ್ತದೆ. ಬಿಳಿ ಇಳಿದು ಕಪ್ಪು ಇಳಿಯದಿದ್ದರೆ ಕಾಂಟ್ರಾಸ್ಟ್ ಹೋಯಿತು. ಜೊತೆಗೆ ಫಲಕದ ಹೊಳಪಿನ ಮೆಟ್ಟಿಲುಗಳಲ್ಲಿ ಒಂದಿಷ್ಟನ್ನು ಬಳಸದೇ ಬಿಟ್ಟ ಹಾಗಾಯಿತು, ಆಕಾಶದಂಥ ನಯವಾದ ಜಾಗದಲ್ಲಿ ಪಟ್ಟೆ ಕಾಣುವ ಅಪಾಯ. ಗಾಜು ಇಟ್ಟರೆ ಬಿಳಿಯ ಹಸಿರೂ ಸೋರುವ ಹಸಿರೂ ಒಂದೇ ಪಾಲಿನಲ್ಲಿ ಇಳಿಯುತ್ತವೆ. ಕಾಂಟ್ರಾಸ್ಟ್ ಉಳಿಯುತ್ತದೆ, ಕತ್ತಲ ದೃಶ್ಯದ ಹಸಿರು ಮಂಜೂ ಹೋಗುತ್ತದೆ.

ಯಾವ ಗಾಜು? ಎಫ್‌ಎಲ್‌-ಡಿ ಅನ್ನುವ ಫಿಲ್ಟರ್. ಫಿಲ್ಮ್ ಕ್ಯಾಮೆರಾ ಕಾಲದ್ದು. ಆಗ ಟ್ಯೂಬ್‌ಲೈಟ್ ಬೆಳಕಲ್ಲಿ ಫೋಟೋ ತೆಗೆದರೆ ಎಲ್ಲ ಹಸಿರಾಗುತ್ತಿತ್ತು. ಅದನ್ನು ತಡೆಯಲು ಈ ನಸುಗುಲಾಬಿ ಗಾಜನ್ನು ಲೆನ್ಸಿಗೆ ಹಾಕುತ್ತಿದ್ದರು. ಟ್ಯೂಬ್‌ಲೈಟ್ ಒಳಗೆ ಇರುವುದೂ ಪಾದರಸವೇ, ಅದೇ 546ರ ಹಸಿರು ಗೆರೆ. ಪ್ರೊಜೆಕ್ಟರ್ ಲ್ಯಾಂಪಿನ ಕಾಯಿಲೆಗೆ ಟ್ಯೂಬ್‌ಲೈಟಿನ ಮದ್ದು ಹೊಂದುವುದು ಈ ಕಾರಣಕ್ಕೆ. ಇದು ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಎಲ್ಲೋ ಒಂದು ಕಾಲದ ಫೋಟೋಗ್ರಾಫರ್‌ಗಳ ಜಾಣತನ ನಮ್ಮ ಹಾಲ್‌ಗೆ ಬಂದು ಕೆಲಸ ಮಾಡುತ್ತದೆ.

ಡಿಜಿಟಲ್ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಬಂದ ಮೇಲೆ ಈ ಫಿಲ್ಟರ್ ಯಾರಿಗೂ ಬೇಡವಾಯಿತು. ಹೊಸ ಅಂಗಡಿಗಳಲ್ಲಿ ಹೆಸರು ಹೇಳಿದರೂ ಗೊತ್ತಾಗಲಿಲ್ಲ. ಕೊನೆಗೆ ಸಿಟಿಯ ಒಂದು ಹಳೆ ಕ್ಯಾಮೆರಾ ಅಂಗಡಿಯಲ್ಲಿ ವಯಸ್ಸಾದ ಯಜಮಾನರು ಕೇಳಿದ ಕೂಡಲೇ ತಲೆ ಎತ್ತಿದರು.

"ಟ್ಯೂಬ್‌ಲೈಟ್ ಫಿಲ್ಟರಾ? ಯಾವ ಕಾಲದ್ದು ಕೇಳ್ತಾ ಇದೀರಿ! ಎಷ್ಟು ಎಂಎಂ ಬೇಕು?"

"77 ಇದ್ರೆ ಕೊಡಿ ಸಾರ್. ಕ್ಯಾಮೆರಾಗಲ್ಲ, ಪ್ರೊಜೆಕ್ಟರ್‌ಗೆ."

ಅವರಿಗೆ ಕುತೂಹಲ. ಯಾಕೆ ಅಂತ ಕೇಳಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಗಾಜಿನ ಬೀರುವಿನ ಕೆಳಗಿನ ಡ್ರಾಯರ್‌ನಿಂದ ತೆಗೆದು ಕೊಟ್ಟರು. ಡಬ್ಬಿ ಹಳದಿಯಾಗಿತ್ತು, ಗಾಜು ಮಾತ್ರ ಹೊಚ್ಚ ಹೊಸದು. ಕೊಳ್ಳುವಾಗ ಗಾಜಿನದೇ ಕೊಳ್ಳಬೇಕು. ಪ್ಲಾಸ್ಟಿಕ್ ಹಾಳೆಯಂಥ ಫಿಲ್ಟರ್‌ಗಳು ಪ್ರೊಜೆಕ್ಟರ್ ಬೆಳಕಿನ ಬಿಸಿ ತಡೆಯುವುದು ಅನುಮಾನ. ಪ್ರೊಜೆಕ್ಟರ್ ಲೆನ್ಸಿಗೆ ಸಾಮಾನ್ಯವಾಗಿ ಕ್ಯಾಮೆರಾ ಲೆನ್ಸಿನ ಹಾಗೆ ತಿರುಪಿನ ಗೆರೆ ಇರುವುದಿಲ್ಲ, ಫಿಲ್ಟರನ್ನು ತಿರುಗಿಸಿ ಹಾಕಲು ಆಗುವುದಿಲ್ಲ. ನಾವು ದಪ್ಪ ಫೋಮ್ ಹಾಳೆಯಲ್ಲಿ ಉಂಗುರ ಕತ್ತರಿಸಿ, ಲೆನ್ಸಿನ ಹೊರ ಅಂಚಿಗೆ ಬಿಗಿಯಾಗಿ ಕೂರಿಸಿ, ಅದರೊಳಗೆ ಫಿಲ್ಟರ್ ಇಟ್ಟೆವು. ಗಾಜು ಗಾಜಿಗೆ ತಾಗಬಾರದು, ಗಾಳಿಯ ಕಿಂಡಿ ಮುಚ್ಚಬಾರದು. ಅಂದಹಾಗೆ, ಕೆಲವು ಪ್ರೊಜೆಕ್ಟರ್‌ಗಳಲ್ಲಿ ಸಿನಿಮಾ ಮೋಡ್ ಆರಿಸಿದಾಗ ಒಳಗಿನಿಂದಲೇ ಒಂದು ಫಿಲ್ಟರ್ ಸರಿದು ಬರುತ್ತದೆ, ಟಕ್ ಅಂತ ಸದ್ದೂ ಕೇಳುತ್ತದೆ. ಅಂಥದ್ದು ಇದ್ದವರು ಹೊರಗಿನದನ್ನು ಹುಡುಕುವ ಮುಂಚೆ ಅದನ್ನು ಅಳೆದು ನೋಡಲಿ.

ಫಿಲ್ಟರ್ ಹಾಕಿದ ಮೇಲೆ ಮೂರೂ ಬಣ್ಣ ಒಂದಕ್ಕೊಂದು ತುಂಬಾ ಹತ್ತಿರ ಬಂದವು. ಈಗ ಮೆನುವಿಗೆ ಸಣ್ಣ ಕೆಲಸ ಮಾತ್ರ ಉಳಿಯಿತು. ಶೇ. 80ರ ಬೂದು ಹಾಕಿ ಬೆಳಕಿನ ಕಡೆಯ ಬಣ್ಣ ತಿದ್ದುವ ಗೇನ್ ತಿರುಗಿಸುವುದು, ಶೇ. 30ರ ಬೂದು ಹಾಕಿ ಕತ್ತಲಿನ ಕಡೆಯ ಬಣ್ಣ ತಿದ್ದುವ ಆಫ್‌ಸೆಟ್ ತಿರುಗಿಸುವುದು. ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಅಲುಗಾಡುತ್ತದೆ, ಹಾಗಾಗಿ ಹೋಗಿ ಬಂದು ಮಾಡಬೇಕು. ಇಲ್ಲಿ ನಾವು ಬಿಗಿಯಾಗಿ ಹಿಡಿದ ನಿಯಮ ಒಂದೇ: ಕೆಂಪನ್ನು ಏರಿಸುವುದಿಲ್ಲ, ಹಸಿರು ನೀಲಿಯನ್ನು ಇಳಿಸುತ್ತೇವೆ. ಕೆಂಪಿನ ಗೇನ್ ಏರಿಸಿದರೆ ಮಧ್ಯದ ಬೂದು ಸರಿಯಾಗುತ್ತದೆ, ಆದರೆ ತುದಿಯಲ್ಲಿ ಕೆಂಪು ಮೊದಲೇ ಖಾಲಿಯಾಗುತ್ತದೆ. ಮೋಡ, ಬಿಳಿ ಪಂಚೆ, ಕ್ರಿಕೆಟ್ ಬಿಳಿ ಉಡುಪು ಇವೆಲ್ಲ ನಸುಹಸಿರಾಗಿ ಕಾಣುವುದು ಇದರಿಂದಲೇ.

ಕತ್ತಲಿನಿಂದ ಬೆಳಕಿನವರೆಗಿನ ಬೂದು ಪಟ್ಟಿಯಲ್ಲಿ ಡೆಲ್ಟಾ ಇ ಅನ್ನುವ ದೋಷದ ಅಳತೆ ಬಹುತೇಕ ಕಡೆ 3ಕ್ಕಿಂತ ಕೆಳಗೆ ಬಂತು. ಅದಕ್ಕಿಂತ ಕಡಿಮೆ ಇದ್ದರೆ ಸಿನಿಮಾ ನೋಡುವಾಗ ಕಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ತೀರಾ ಕತ್ತಲಿನ ಶೇ. 10ರ ಹತ್ತಿರ ಇನ್ನೂ ಸ್ವಲ್ಪ ನೀಲಿ ಉಳಿದಿದೆ. ಅಲ್ಲಿ ಅಳೆಯುವ ಯಂತ್ರವೇ ತಡವರಿಸುತ್ತದೆ. ಆ ಅಂಕಿಯ ಹಿಂದೆ ಬೀಳುವುದರಲ್ಲಿ ಅರ್ಥವಿಲ್ಲ.

ಕೆಂಪು, ಹಸಿರು, ನೀಲಿ, ಸಯಾನ್, ಮೆಜೆಂಟಾ, ಹಳದಿಗಳನ್ನು ಒಂದೊಂದಾಗಿ ತಿದ್ದುವ ಆರ್‌ಜಿಬಿಸಿಎಂವೈ ಮೆನುವಿನಲ್ಲಿ ಹೆಚ್ಚು ಕೈಯಾಡಿಸಲಿಲ್ಲ. ಕೆಂಪನ್ನು ಕಿತ್ತಳೆಯಿಂದ ಸ್ವಲ್ಪ ಹಿಂದಕ್ಕೆ ತಂದೆವು, ಹಸಿರಿನ ಹಳದಿ ತುಸು ಕಳೆದೆವು. ಹಳೆ ಯಂತ್ರಗಳಲ್ಲಿ ಈ ಮೆನುವನ್ನು ಜಾಸ್ತಿ ಎಳೆದರೆ ಕೆನ್ನೆಯ ಮೇಲೆ, ಸಂಜೆಯ ಆಕಾಶದಲ್ಲಿ ಬಣ್ಣ ತುಂಡು ತುಂಡಾಗುತ್ತದೆ. ಬೂದು ಸರಿಯಿದ್ದರೆ ಮುಕ್ಕಾಲು ಪಾಲು ಬಣ್ಣ ತಾನಾಗಿ ಸರಿಹೋಗುತ್ತದೆ ಅನ್ನುವುದು ನಾನು ಕಂಡಿದ್ದು.

ಈಗ ಬೆಲೆಯ ಲೆಕ್ಕ. ಗೋಡೆಗೆ ಲಕ್ಸ್ ಮೀಟರ್ ಹಿಡಿದು ಲೆಕ್ಕ ಹಾಕಿದಾಗ ಮುಂಚೆ ಪರದೆಗೆ ಒಟ್ಟು ಸುಮಾರು 620 ಲ್ಯೂಮೆನ್ ಬೆಳಕು ಬೀಳುತ್ತಿತ್ತು. ಎಲ್ಲ ಆದ ಮೇಲೆ ಸುಮಾರು 450. ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ನಮ್ಮ ಪರದೆ ಮೂಲೆಯಿಂದ ಮೂಲೆಗೆ 120 ಇಂಚು. ಅಷ್ಟು ಜಾಗಕ್ಕೆ 450 ಲ್ಯೂಮೆನ್ ಹರಡಿದರೆ 36 ನಿಟ್ಸ್ ಸಿಗುತ್ತದೆ (ನಿಟ್ಸ್ ಅಂದರೆ ಪರದೆ ಕಣ್ಣಿಗೆ ಎಷ್ಟು ಹೊಳೆಯುತ್ತದೆ ಅನ್ನುವ ಅಳತೆ). ಡಿಜಿಟಲ್ ಸಿನಿಮಾ ಥಿಯೇಟರ್‌ಗೆ ಇರುವ ಮಾನದಂಡ 48 ನಿಟ್ಸ್.

ಮೊದಲ ಸಲ ಹಾಕಿ ತೋರಿಸಿದಾಗ ಅಮ್ಮ, "ಏನೋ ಇದು, ಮಬ್ಬು ಮಬ್ಬು, ಕೆಂಪಗೆ ಬೇರೆ ಇದೆ" ಅಂದರು. ಮಬ್ಬು ಅಂದಿದ್ದು ನಿಜ. ಕೆಂಪು ಅನ್ನಿಸಿದ್ದು ಇಷ್ಟು ವರ್ಷದ ಹಸಿರಿಗೆ ಕಣ್ಣು ಒಗ್ಗಿಹೋಗಿದ್ದರಿಂದ. ಸ್ವಲ್ಪ ದಿನದಲ್ಲಿ ಅದು ಹೋಗುತ್ತದೆ, ಮೆನು ಮುಟ್ಟದೇ ಕಾಯಬೇಕು. ಮಬ್ಬಿಗೆ ಮಾತ್ರ ಪರಿಹಾರ ಬೇಕಿತ್ತು. ಚಿತ್ರವನ್ನು 120ರಿಂದ 100 ಇಂಚಿಗೆ ಇಳಿಸಿದೆವು. ಅಗಲ ಎತ್ತರ ಎರಡೂ ಕಡಿಮೆಯಾಗುವುದರಿಂದ ಪರದೆಯ ವಿಸ್ತೀರ್ಣ ಶೇ. 70ರ ಹತ್ತಿರಕ್ಕೆ ಬರುತ್ತದೆ. ಅದೇ 450 ಲ್ಯೂಮೆನ್ ಈಗ 52 ನಿಟ್ಸ್ ಕೊಡುತ್ತದೆ. ಮಖಮಲ್ ಅಂಚನ್ನು ಒಳಗೆ ಸರಿಸಿ ಕಟ್ಟಿದೆ, ಸೋಫಾ ಸ್ವಲ್ಪ ಮುಂದಕ್ಕೆ ಎಳೆದೆ. ಕೂತು ನೋಡುವವರಿಗೆ ಚಿತ್ರ ಚಿಕ್ಕದಾಗಿದೆ ಅಂತ ಅನ್ನಿಸಲೇ ಇಲ್ಲ. ಹೋದ ಬೆಳಕು ಒಂದು ರೂಪಾಯಿ ಖರ್ಚಿಲ್ಲದೆ ವಾಪಸ್ ಬಂತು. ಇಡೀ ಕೆಲಸದಲ್ಲಿ ನನಗೆ ಅತಿ ತೃಪ್ತಿ ಕೊಟ್ಟ ಹೆಜ್ಜೆ ಇದು.

ಅಮ್ಮನಿಗೆ ಮೈಸೂರು ಸಿಲ್ಕ್ ಸೀರೆಗಳ ಬಣ್ಣ ಕಣ್ಣಳತೆಯಲ್ಲೇ ಗೊತ್ತು. ಈಗ ಒಂದು ಹಾಡಿನಲ್ಲಿ ನಾಯಕಿಯ ಸೀರೆ ಬಂದರೆ ಇದು ಕುಂಕುಮ, ಇದು ಮೆರೂನ್, ಇದು ಈರುಳ್ಳಿ ಬಣ್ಣ ಅಂತ ಬೇರೆ ಬೇರೆ ಹೇಳುತ್ತಾರೆ. ಮುಂಚೆ ಮೂರೂ ಒಂದೇ ಆಗಿದ್ದವು.

ಲ್ಯಾಂಪ್ ಸವೆಯುತ್ತಾ ಬಣ್ಣ ಮತ್ತೆ ಜಾರುತ್ತದೆ. ಹಾಗಾಗಿ ಕೆಲವು ನೂರು ಗಂಟೆಗೊಮ್ಮೆ ಅಳತೆ ಮಾಡುತ್ತೇನೆ. ಹೊಸ ಲ್ಯಾಂಪ್ ಹಾಕಿದವರು ಮೊದಲ 100 ಗಂಟೆ ಸುಮ್ನೆ ಸಿನಿಮಾ ನೋಡಲಿ. ಅಷ್ಟರಲ್ಲಿ ಅದರ ಬಣ್ಣ ಬೇಗ ಬೇಗ ಬದಲಾಗುತ್ತದೆ, ನೆಲೆ ನಿಂತ ಮೇಲೆ ಅಳೆದರೆ ಸಾಕು. ಇನ್ನು ನಮ್ಮೂರಿನ ಕರೆಂಟ್ ಗೊತ್ತಲ್ಲ. ಮಳೆ ಬಂತು ಅಂದರೆ ಹೋಯಿತು. ಉರಿಯುತ್ತಿರುವ ಲ್ಯಾಂಪಿಗೆ ಫ್ಯಾನ್ ಥಟ್ಟನೆ ನಿಂತರೆ ಬಿಸಿ ಒಳಗೇ ಉಳಿಯುತ್ತದೆ, ಲ್ಯಾಂಪಿನ ಆಯಸ್ಸೂ ಬಣ್ಣವೂ ಕೆಡುತ್ತವೆ. ಪ್ರೊಜೆಕ್ಟರಿಗೆ ಒಂದು ಯುಪಿಎಸ್ ಇಟ್ಟಿದ್ದೇನೆ. ಸಿನಿಮಾ ಮುಗಿಸಲು ಅಲ್ಲ, ಸರಿಯಾಗಿ ಆರಿಸಿ ತಣ್ಣಗಾಗಲು ಬಿಡುವಷ್ಟು ಹೊತ್ತಿಗೆ. ಗಾಳಿಯ ಫಿಲ್ಟರನ್ನು ಈಗ ತಿಂಗಳಿಗೊಮ್ಮೆ ತೆಗೆದು ಧೂಳು ಹೀರಿಸುತ್ತೇನೆ.

ನನ್ನ ಗೇನ್, ಆಫ್‌ಸೆಟ್ ಅಂಕಿಗಳನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಅದೇ ಮಾದರಿಯ ಪ್ರೊಜೆಕ್ಟರ್ ನಿಮ್ಮಲ್ಲಿದ್ದರೂ ಲ್ಯಾಂಪ್ ಉರಿದ ಗಂಟೆ ಬೇರೆ, ಗೋಡೆ ಬೇರೆ, ಫಲಕಗಳು ಸವೆದ ರೀತಿ ಬೇರೆ. ಇನ್ನೊಬ್ಬರ ಅಂಕಿ ಹಾಕಿದರೆ ಹೊಸ ದೋಷ ಸೇರುವ ಸಾಧ್ಯತೆಯೇ ಜಾಸ್ತಿ. ಅಳೆಯುವ ಯಂತ್ರ ಕೊಳ್ಳಲು ಆಗದಿದ್ದರೆ ಫೋಟೋ ಕೆಲಸ ಮಾಡುವವರನ್ನು ಕೇಳಿ, ಒಂದು ಸಂಜೆಗೆ ಸಿಗುತ್ತದೆ. ಅದೂ ಸಿಗದಿದ್ದರೆ ಸಿನಿಮಾ ಮೋಡ್, ಕಪ್ಪು ಬಿಳುಪಿನ ಗಡಿ, ಗೋಡೆ, ನೆಲ, ಚಿತ್ರದ ಅಳತೆ ಇವುಗಳಿಂದ ಶುರು ಮಾಡಿ. ಇವು ಯಾವುದಕ್ಕೂ ಮೀಟರ್ ಬೇಡ. ಫಿಲ್ಟರ್ ಹುಡುಕುವವರು ಹಳೆ ಕ್ಯಾಮೆರಾ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಫಿಲ್ಟರ್ ಅಂತಲೇ ಕೇಳಿ, ಬೇಗ ಗೊತ್ತಾಗುತ್ತದೆ.